ಕಪ್ಪಾದ ಬೆಳ್ಳಿ ಲೋಟ

ನಾನು ಒಂದು ಬೆಳ್ಳಿ ಲೋಟ. ಎಲ್ಲರ ಮೇಲೂ ಒಂದಲ್ಲ ಒಂದು ದಿನ ಅನುಮಾನ ಬರುತ್ತದೆ. ನನ್ನ ಮೇಲೆ ಹುಟ್ಟಿದ ದಿನವೇ ಬಂತು.

ಹೊಳೆಗಡ ಎಂಬುದು ಸಣ್ಣ ಸಂಸ್ಥಾನ. ಎರಡು ಗುಡ್ಡ, ಒಂದು ಹೊಳೆ, ನಲವತ್ತೆರಡು ಹಳ್ಳಿ. ಅಲ್ಲಿನ ಪತ್ತಾರ ಓಣಿಯಲ್ಲಿ ಮೌನೇಶಪ್ಪ ಎಂಬ ಮುದುಕ ನನ್ನನ್ನು ಕಾಸಿ, ಬಡಿದು, ತಿಕ್ಕಿ, ಕಂಠದ ಸುತ್ತ ಬಿಲ್ವದೆಲೆಯ ಬಳ್ಳಿ ಕೊರೆದು ಅರಮನೆಗೆ ಒಪ್ಪಿಸಿದ. ದಿವಾನರು ನನ್ನನ್ನು ಬೆಳಕಿಗೆ ಹಿಡಿದು, "ತಾಮ್ರಾ ಎಷ್ಟ ಬೆರಿಸೀಯೋ?" ಎಂದರು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಇರುವ ನಾಡಿನಲ್ಲಿ ಮುದುಕನ ಆಣೆಗೆ ಯಾವ ಬೆಲೆ? ನನ್ನ ತಳವನ್ನು ಒರೆಗಲ್ಲಿಗೆ ಗೀರಿ ನೋಡಿದರು. ಅಪ್ಪಟ ಬೆಳ್ಳಿ ಎಂದು ಗೊತ್ತಾದ ಮೇಲೂ ದಿವಾನರ ಹುಬ್ಬಿನ ಗಂಟು ಸಡಿಲಲಿಲ್ಲ. ಆ ಗೀರು ಇವತ್ತಿಗೂ ನನ್ನ ಬುಡದಲ್ಲಿದೆ.

ಅರಮನೆಯಲ್ಲಿ ಒಂದು ಪದ್ಧತಿ ಇತ್ತು. ಗಾದಿಯ ಮೇಲೆ ಕೂತವರು ಹಾಲನ್ನು ಬೆಳ್ಳಿಯಲ್ಲೇ ಕುಡಿಯಬೇಕು. ವಿಷ ಮುಟ್ಟಿದರೆ ಬೆಳ್ಳಿ ಕಪ್ಪಾಗುತ್ತದೆ ಎಂಬುದು ಅವರ ನಂಬಿಕೆ. ಹೀಗಾಗಿ ನನಗೆ ಲೋಟದ ಕೆಲಸದ ಜೊತೆಗೆ ಕಾವಲಿನ ಕೆಲಸವೂ ಬಂತು. ನನ್ನೊಳಗೆ ಬಿದ್ದದ್ದನ್ನೆಲ್ಲ ನಾನು ಸಂಶಯದಿಂದಲೇ ಮೂಸುತ್ತಿದ್ದೆ. ಹಾಲು ಬಿಸಿಯಾಗಿದ್ದರೆ ಯಾಕೆ ಇಷ್ಟು ಬಿಸಿ, ತಣ್ಣಗಿದ್ದರೆ ಯಾಕೆ ತಡವಾಯಿತು ಎಂದು ಯೋಚಿಸುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ನನ್ನಿಂದ ಹಾಲು ಕುಡಿಯುತ್ತಿದ್ದವರು ರಾಣಿ ನಾಗಲಾಂಬಿಕೆ. ಜನ ಅವರನ್ನು ಕರೆಯುತ್ತಿದ್ದದ್ದು ಅಕ್ಕಾಸಾಹೇಬ ಎಂದು. ಇಪ್ಪತ್ತಾರನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಸಂಸ್ಥಾನದ ಭಾರ ಹೊತ್ತವರು. ಪ್ಲೇಗು ಬಂದಾಗ ಅರಮನೆಯ ಹಗೇವು ಒಡೆಸಿ ಜೋಳ ಹಂಚಿದರು. ಬಿಟ್ಟಿ ಚಾಕರಿ ನಿಲ್ಲಿಸಿದರು. ಊರ ಹೆಣ್ಣುಮಕ್ಕಳಿಗೆ ಶಾಲೆ ತೆಗೆದು, ಮೊದಲ ದಿನ ತಾವೇ ಸ್ಲೇಟು ಹಿಡಿದು ಅವರ ನಡುವೆ ಕೂತರು. ಆಚಾರದಲ್ಲಿ ಎಷ್ಟು ಬಿಗಿ ಎಂದರೆ, ಲಿಂಗಪೂಜೆ ಮುಗಿಯದೆ ಹನಿ ನೀರು ಬಾಯಿಗೆ ಹಾಕುತ್ತಿರಲಿಲ್ಲ. ಜನ ಅವರ ಪಲ್ಲಕ್ಕಿ ಹೋದ ದಾರಿಯ ಮಣ್ಣನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಹಾಲು ತರುತ್ತಿದ್ದವಳು ಬಾಳವ್ವ. ಇಪ್ಪತ್ತೆರಡರ ಹುಡುಗಿ, ತಾಯಿಯ ಕಾಲದಿಂದ ಅರಮನೆಯ ಚಾಕರಿ. ಕುಡಿದಾದ ಮೇಲೆ ನನ್ನನ್ನು ತೊಳೆಯುವವಳೂ ಅವಳೇ. ವಿಭೂತಿಯ ತುಣುಕನ್ನು ಒದ್ದೆ ಬಟ್ಟೆಗೆ ಹಚ್ಚಿ ನನ್ನ ಒಳಗನ್ನೂ ಹೊರಗನ್ನೂ ತಿಕ್ಕುತ್ತಿದ್ದಳು. ಆಗ ನಾನು ಮದುವೆ ಮನೆಯ ಹೆಣ್ಣಿನ ಹಾಗೆ ಮಿಂಚುತ್ತಿದ್ದೆ. ಅವಳ ಕೈ ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದೆ ಎಂದುಕೊಂಡಿದ್ದೆ.

ಒಂದು ಮಾಗಿಯಲ್ಲಿ ಅಕ್ಕಾಸಾಹೇಬರಿಗೆ ಕೆಮ್ಮು ಹತ್ತಿತು. ದೂರದ ಊರಿನಿಂದ ಒಬ್ಬ ಡಾಕ್ಟರಮ್ಮ ಬಂದುಹೋದರು. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ನಾನು ಅಡುಗೆಮನೆಯ ಹಲಗೆಯ ಮೇಲೆ ಬೋರಲು ಬಿದ್ದಿದ್ದೆ. ಅದರ ನಾಲ್ಕನೇ ದಿನದಿಂದ ಬಾಳವ್ವನ ನಡೆ ಬದಲಾಯಿತು.

ಹಾಲನ್ನು ಅಡುಗೆಮನೆಯಲ್ಲಿ ನನಗೆ ಬಗ್ಗಿಸಿಕೊಂಡು ನೇರ ರಾಣಿಯ ಕೋಣೆಗೆ ಹೋಗಬೇಕಾದವಳು ಹಿತ್ತಲ ಕಡೆ ತಿರುಗಿದಳು. ಪಾರಿಜಾತದ ಗಿಡದ ಮರೆಯಲ್ಲಿ ಕೂತಳು. ಹಿಂದೆ ನೋಡಿದಳು, ಮುಂದೆ ನೋಡಿದಳು. ಸೆರಗಿನ ಗಂಟಿನಿಂದ ಏನನ್ನೋ ತೆಗೆದಳು. ನನ್ನ ಅಂಚಿಗೆ ಟಪ್ ಎಂದು ಏನೋ ತಾಗಿತು. ತಣ್ಣಗಿನ, ಲೋಳೆಯಂಥ ಒಂದು ಪದಾರ್ಥ ಹಾಲಿನೊಳಗೆ ಜಾರಿತು. ಇನ್ನೊಮ್ಮೆ ಟಪ್. ಅವಳು ಬೆರಳಿನಿಂದ ಗಡಗಡ ತಿರುವಿದಳು. ಗಿಡದ ಬುಡದಲ್ಲಿ ಕೈಯಿಂದಲೇ ಮಣ್ಣು ಕೆದರಿ ಏನನ್ನೋ ಹೂತಳು. ಹುಟ್ಟಿದಾರಭ್ಯ ಅಂಥದ್ದನ್ನು ನಾನು ಕಂಡವನಲ್ಲ, ಆ ಮನೆಯಲ್ಲಿ ಯಾರೂ ಕಂಡವರಲ್ಲ.

ಒಂದು ದಿನದ ಮಾತಲ್ಲ, ದಿನಾ ಇದೇ ಕತೆ. ಅಕ್ಕಾಸಾಹೇಬರು ಬಾಗಿಲು ಮುಚ್ಚಿಸಿ, ಮೂಗು ಹಿಡಿದುಕೊಂಡು ಕುಡಿಯುತ್ತಿದ್ದರು. ಕುಡಿದ ಮೇಲೆ ಅಂಗೈಯಲ್ಲಿ ಲಿಂಗ ಹಿಡಿದು ಕೂತು ಅಳುತ್ತಿದ್ದರು. ಒಂದು ಬೆಳಿಗ್ಗೆ ಅವರು ಕೇಳಿದರು, "ಇನ್ನ ಎಷ್ಟ ದಿನ ಬಾಳವ್ವಾ?"

"ಭಾಳ ಇಲ್ರಿ ಅಕ್ಕಾಸಾಹೇಬ. ಇನ್ನ ಒಂದೀಟ ದಿನ. ಕಣ್ಣ ಮುಚ್ಚಿ ಕುಡದಬಿಡ್ರಿ."

ಅವಳ ದನಿ ಎಷ್ಟು ಮೆತ್ತಗಿತ್ತೆಂದರೆ, ನನಗೆ ಖಾತ್ರಿಯೇ ಆಯಿತು. ಈಕೆ ದೊರೆಸಾನಿಯನ್ನು ಗುಟುಕು ಗುಟುಕಾಗಿ ಕೊಲ್ಲುತ್ತಿದ್ದಾಳೆ ಎಂದುಕೊಂಡೆ. ಯಾರ ಮಾತು ಕೇಳಿ? ಅಲ್ಲಿ ಅನುಮಾನಕ್ಕೆ ಬರ ಇರಲಿಲ್ಲ. ರಾಣಿಯ ಮೈದುನ ತಾತ್ಯಾಸಾಹೇಬ ಗಾದಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದ. ಅಕ್ಕಾಸಾಹೇಬರು ಹತ್ತಿರದ ಬಳಗದ ಏಳು ವರ್ಷದ ಮುರಿಗೇಂದ್ರನನ್ನು ದತ್ತಕಕ್ಕೆ ಆರಿಸಿದ್ದರು. ಅದಕ್ಕೆ ಸರ್ಕಾರದ ಒಪ್ಪಿಗೆ ಪತ್ರ ಬರಬೇಕಿತ್ತು. ಪತ್ರ ಬರುವ ಮೊದಲು ರಾಣಿ ಕಣ್ಣು ಮುಚ್ಚಿದರೆ ಸಂಸ್ಥಾನ ತಾತ್ಯಾಸಾಹೇಬನ ಬಾಯಿಗೆ ಬೀಳುತ್ತಿತ್ತು. ಅದಕ್ಕೇ ರಾಣಿಯ ಕಾಯಿಲೆಯನ್ನು ಅರಮನೆ ಗುಟ್ಟಾಗಿಟ್ಟಿತ್ತು. ಊರಿನ ಮಟ್ಟಿಗೆ ಅಕ್ಕಾಸಾಹೇಬರು ಗಟ್ಟಿಮುಟ್ಟಾಗಿದ್ದರು, ಬರೀ ನೆಗಡಿ.

ಪತ್ರ ಬಂತು. ಮಠದ ಸ್ವಾಮಿಗಳಾದ ಅಜ್ಜನವರು ಬಂದು ಹುಡುಗನನ್ನು ರಾಣಿಯ ತೊಡೆಯ ಮೇಲೆ ಕೂರಿಸಿದರು. ಜರತಾರಿ ಸೀರೆಯಲ್ಲಿ, ಜ್ವರದಿಂದ ಕೆಂಪೇರಿದ ಕೆನ್ನೆಯಲ್ಲಿ ಅಕ್ಕಾಸಾಹೇಬರು ಹದಿನೆಂಟರ ಹುಡುಗಿಯಂತೆ ಕಂಡರು. ಜನ ಜಯಕಾರ ಹಾಕಿದರು. ಹುಡುಗ ನನ್ನ ಕಡೆ ಕೈ ಚಾಚಿ, "ನನಗ ಆ ಲೋಟಾದಾಗ ಹಾಲ ಬೇಕು" ಎಂದು ಹಟ ಹಿಡಿದ. ರಾಣಿ ನನ್ನನ್ನು ದೂರ ಸರಿಸಿದರು. "ಬ್ಯಾಡಪಾ, ಅದು ನಿನಗಲ್ಲ" ಎಂದು ಬೇರೆ ಬಟ್ಟಲಿನಲ್ಲಿ ಕುಡಿಸಿದರು. ಈ ಮಾತನ್ನು ಹುಡುಗ ಮರೆಯಲಿಲ್ಲ. ನೀವೂ ನೆನಪಿಡಿ.

ಮೂರನೇ ದಿನ ಬೆಳಿಗ್ಗೆ ಅಕ್ಕಾಸಾಹೇಬರು ಹಾಲು ಅರ್ಧ ಕುಡಿದು, ರಕ್ತ ಕಾರಿ, ಬಾಳವ್ವನ ಮಡಿಲಿನಲ್ಲೇ ಪ್ರಾಣ ಬಿಟ್ಟರು. ನಾನು ಮಂಚದ ಕೆಳಗೆ ಉರುಳಿಬಿದ್ದೆ. ಅಳು, ಓಡಾಟ, ಡೋಲು. ಅವತ್ತು ಒಂದು ದಿನ, ಒಂದೇ ಒಂದು ದಿನ, ನನ್ನನ್ನು ತೊಳೆಯುವುದು ಬಾಳವ್ವನಿಗೆ ನೆನಪಾಗಲಿಲ್ಲ. ಹಾಲಿನೊಳಗಿನ ಆ ಲೋಳೆ ನನ್ನ ಗೋಡೆಗೆ ಅಂಟಿ ಒಣಗಿತು. ಅಕ್ಕಾಸಾಹೇಬರನ್ನು ಸಮಾಧಿಯಲ್ಲಿ ಕೂರಿಸಿ ಬಂದ ಮೇಲೆ ದಿವಾನರು ಕೋಣೆಯನ್ನು ತಪಾಸು ಮಾಡಿಸಿದರು. ಮಂಚದ ಕೆಳಗಿನಿಂದ ನನ್ನನ್ನು ಎತ್ತಿದ ಆಳು ಕಿಟ್ಟನೆ ಕಿರುಚಿದ. ನಾನು ಒಳಗೆಲ್ಲ ಕಪ್ಪಾಗಿದ್ದೆ, ಕಾಡಿಗೆ ಬಳಿದ ಹಾಗೆ.

ಆಗ ನನಗಾದ ದುಃಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಸುಳ್ಳು ಯಾಕೆ ಹೇಳಲಿ? ಕಾವಲುಗಾರ ಕೊನೆಗೂ ಕೂಗಿದ್ದ, ತಡವಾಗಿಯಾದರೂ.

ಬಾಳವ್ವನನ್ನು ಕಂಬಕ್ಕೆ ಆನಿಸಿ ನಿಲ್ಲಿಸಿದರು. ನನ್ನನ್ನು ಅವಳ ಮುಂದೆ ಇಟ್ಟರು.

"ಇದರಾಗ ಏನ ಹಾಕಿದ್ದಿ?" ದಿವಾನರು ಕೇಳಿದರು.

"ಹಾಲ್ರಿ."

"ಮತ್ತ?"

"ಹಾಲ್ರಿ ಧಣಿ. ಬರೇ ಹಾಲು."

ಸುಳ್ಳಿ, ಎಂದು ನಾನು ಒಳಗೊಳಗೇ ಕೂಗಿದೆ. ಸತ್ಯ ಗೊತ್ತಿದ್ದ ಸಾಕ್ಷಿ ನಾನೊಬ್ಬನೇ, ನನಗೋ ಬಾಯಿಯಿದ್ದೂ ಮಾತಿಲ್ಲ. ಹದಿನೈದು ದಿನ ಕೇಳಿದರು, ಬೆದರಿಸಿದರು, ಪುಸಲಾಯಿಸಿದರು. ಅವಳು ಬರೇ ಹಾಲು ಎಂದಳೇ ಹೊರತು ಬೇರೆ ಮಾತಾಡಲಿಲ್ಲ. ಡಾಕ್ಟರಮ್ಮ ಇದು ಎದೆಯ ಕ್ಷಯದಿಂದ ಬಂದ ಸಾವು ಎಂದು ಬರೆದುಕೊಟ್ಟರು. ಡಾಕ್ಟರಮ್ಮನನ್ನೂ ಕೊಂಡುಕೊಂಡಿದ್ದಾರೆ ಎಂದಿತು ಊರು. ಮೂರು ದಿನದ ಹಿಂದೆ ಹೂವಿನಂತೆ ಕೂತಿದ್ದವರಿಗೆ ಎಲ್ಲಿಂದ ಬಂತು ಕ್ಷಯ? ಪುರಾವೆ ಸಾಲದೆ ಬಾಳವ್ವನನ್ನು ಬಿಟ್ಟರು. ಅರಮನೆಯ ಬಾಗಿಲು ಅವಳಿಗೆ ಮುಚ್ಚಿತು, ಊರಿನ ಬಾಗಿಲುಗಳೂ ಮುಚ್ಚಿದವು.

ನನ್ನನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಮೇಣದ ಮುದ್ರೆ ಒತ್ತಿ ಖಜಾನೆಯಲ್ಲಿಟ್ಟರು. ತೊಳೆಯಬಾರದು ಎಂದು ಹುಕುಂ ಆಯಿತು. ಅಲ್ಲಿಂದ ನನ್ನ ಎರಡನೇ ಜನ್ಮ. ಕತ್ತಲಲ್ಲಿ ನಾನು ಸುಮ್ಮನೆ ಬಿದ್ದಿದ್ದೆ, ಹೊರಗೆ ನನ್ನ ಕೀರ್ತಿ ಬೆಳೆಯುತ್ತಿತ್ತು. ಗೀಗೀ ಮೇಳದವರು ಸಂತೆಯಲ್ಲಿ ನನ್ನ ಮೇಲೆ ಪದ ಕಟ್ಟಿ ಹಾಡಿದರು:

ಹಾಲೆಂದು ಕುಡಿದಾಳ ಅಕ್ಕಾಸಾಹೇಬ
ಲೋಟದ ತಳದಾಗ ಕರಿ ನಾಗರ

ನನ್ನ ತಳದಲ್ಲಿ ನಾಗರ ಎಲ್ಲಿತ್ತು! ಆದರೆ ಹಾಡಿದ ಮೇಲೆ ಇದ್ದೇ ಇತ್ತು. ನನ್ನಲ್ಲಿ ಉಳಿದ ಹಾಲು ನೆಕ್ಕಿ ಬೆಕ್ಕು ಸತ್ತಿತಂತೆ. ಸಮಾಧಿಯಲ್ಲಿ ಕೂರಿಸುವಾಗ ರಾಣಿಯ ಉಗುರು ನೀಲಿಯಾಗಿದ್ದವಂತೆ. ನನ್ನ ಕಲೆ ಹುಣಸೆಹಣ್ಣಿಗೂ ಹೋಗಲಿಲ್ಲವಂತೆ, ಬೂದಿಗೂ ಹೋಗಲಿಲ್ಲವಂತೆ. ಹುಣಸೆಹಣ್ಣನ್ನು ನನ್ನ ಹತ್ತಿರ ತಂದವರೇ ಇಲ್ಲ! ಬ್ರಿಟಿಷರು ಇದ್ದಾಗ ಕೊಲ್ಲಿಸಿದವನು ಇಂಗ್ಲಿಷ್ ಸಾಹೇಬ. ಅವರು ಹೋದ ಮೇಲೆ ಅದೇ ಅಪರಾಧ ದಿವಾನರ ತಲೆಗೆ ಬಂತು. ದಿವಾನರು ಸತ್ತ ಮೇಲೆ ತಾತ್ಯಾಸಾಹೇಬನ ಪಾಳಿ. ಆತ ಚುನಾವಣೆಗೆ ನಿಂತಾಗ ಎದುರಾಳಿಗಳು ಗೋಡೆಗೋಡೆಗೆ ಬರೆದದ್ದು ನನ್ನ ಚಿತ್ರ. ಠೇವಣಿಯೂ ಉಳಿಯದೆ ಮನುಷ್ಯ ಮೂಲೆ ಹಿಡಿದ. ಆತನಿಗೆ ಗಾದಿಯ ಆಸೆ ಇದ್ದದ್ದು ನಿಜ, ಆದರೆ ನನ್ನ ಹತ್ತಿರ ಎಂದೂ ಸುಳಿದವನಲ್ಲ. ಕೊಲ್ಲಿಸಿದವರು ಯಾರು ಎಂಬುದರಲ್ಲಿ ಓಣಿಗೊಂದು ಮಾತಿತ್ತು. ಕೊಟ್ಟ ಕೈ ಬಾಳವ್ವನದು ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ನನ್ನದೂ.

ಸಂಸ್ಥಾನ ಹೋಯಿತು. ಅರಮನೆಯ ಅರ್ಧ ಭಾಗ ವಸ್ತುಸಂಗ್ರಹಾಲಯವಾಯಿತು. ಮುದ್ರೆ ಒಡೆದು ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದರು, 'ವಿಷದ ಲೋಟ' ಎಂದು ಚೀಟಿ ಅಂಟಿಸಿದರು. ಶಾಲೆಯ ಮಕ್ಕಳು ಕತ್ತಿ, ಪಲ್ಲಕ್ಕಿ, ಹುಲಿಯ ತಲೆಯನ್ನೆಲ್ಲ ಬಿಟ್ಟು ನನ್ನ ಮುಂದೆ ಮುಗಿಬೀಳುತ್ತಿದ್ದರು.

ಅಲ್ಲಿ ನಮ್ಮನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ದಿಲ್ಶಾದ್. ನಲವತ್ತರ ಹೆಂಗಸು, ಬಾಯಿ ತುಸು ಜೋರು, ಕೈ ಹಗುರ. ಮೊದಲ ಸಲ ನನ್ನನ್ನು ಒರೆಸಲು ಹೊರತೆಗೆದಾಗ ಒಳಗೆ ಇಣುಕಿ ನೋಡಿ ಫಕ್ಕನೆ ನಕ್ಕಳು. ಆಮೇಲೆ ಯಾಕೋ ಬಾಯಿಗೆ ಸೆರಗು ಒತ್ತಿಕೊಂಡಳು. ಈಕೆಯ ಮೇಲೂ ನನಗೆ ಸಂಶಯ ಬಂತು. ಕೊಲೆಯ ಗುರುತು ಕಂಡು ನಗುವವರುಂಟೇ?

ಅವಳ ಮನೆಯ ಹಿಂದಿನ ಓಣಿಯಲ್ಲೇ ಬಾಳವ್ವ ಇದ್ದಳು. ದಿಲ್ಶಾದ್ ಬೇರೆಯವರೊಡನೆ ಆಡುವ ಮಾತಿನಿಂದ ನನಗೆ ಅದೆಲ್ಲ ತಿಳಿಯಿತು. ಬಾಳವ್ವನಿಗೆ ಮದುವೆಯಾಗಲಿಲ್ಲ. ಹೈನ ಮಾಡಲು ಹೋದಳು, ಅವಳ ಕೈಯ ಮಜ್ಜಿಗೆಯನ್ನು ಒಬ್ಬರೂ ಕೊಳ್ಳಲಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು ಕೊಡುವ ನಾಡು ನಮ್ಮದು. ಐವತ್ತು ವರ್ಷದಲ್ಲಿ ಅವಳು ಕೊಟ್ಟ ನೀರನ್ನು ಒಬ್ಬರೂ ಬಾಯಿಗೆ ಹಾಕಲಿಲ್ಲ. ಕೊನೆಗೆ ಕೌದಿ ಹೊಲಿಯುವುದನ್ನು ಕಲಿತಳು. ಹರಕು ಸೀರೆಗಳನ್ನು ಜೋಡಿಸಿ ಅವಳು ಹೊಲಿದ ಕೌದಿಯನ್ನು ಜನ ತಕರಾರಿಲ್ಲದೆ ಹೊದ್ದರು. ಹೊದೆಯುವುದಕ್ಕೆ ವಿಷ ಹತ್ತುವುದಿಲ್ಲವಲ್ಲ.

ಅಕ್ಕಾಸಾಹೇಬರ ಐವತ್ತನೇ ಪುಣ್ಯತಿಥಿ ಹತ್ತಿರ ಬಂತು. ದತ್ತು ಹೋದ ಹುಡುಗ ಮುರಿಗೇಂದ್ರ ಈಗ ತಲೆ ನರೆತ ಗೃಹಸ್ಥ. ಊರು ಅವರನ್ನು ಈಗಲೂ ಧಣಿ ಎನ್ನುತ್ತಿತ್ತು. ಮೂರೇ ದಿನ ಸಿಕ್ಕ ತಾಯಿಯನ್ನು ಅವರು ಆಯುಷ್ಯವೆಲ್ಲ ಹುಡುಕಿದವರು. 'ಅದು ನಿನಗಲ್ಲ' ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ಕೂತಿದ್ದರು. "ಲೋಟಾದಾಗ ವಿಷ ಐತಿ ಅಂತ ನಮ್ಮವ್ವಗ ಗೊತ್ತಿತ್ತು. ತಾ ಕುಡದು ನನ್ನ ಉಳಿಸಿದಳು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನ ಪೆಟ್ಟಿಗೆಯ ಮೇಲೆ ಒಂದು ಕಲ್ಲಿನ ಫಲಕ ಹಾಕಿಸುವುದೆಂದು ಸಮಿತಿ ನಿರ್ಧರಿಸಿತು. ಅದರಲ್ಲಿ ಕೆತ್ತುವ ಮಾತನ್ನು ಧಣಿಯೇ ಬರೆದುಕೊಟ್ಟರು: 'ದಾಸಿ ಬಾಳವ್ವಳು ಮಹಾರಾಣಿಯವರಿಗೆ ವಿಷವಿತ್ತ ಲೋಟ'. ಕಲ್ಲಿಗೆ ಬಿದ್ದ ಹೆಸರು ಅಳಿಯುವುದುಂಟೇ?

ಅದರ ಸುದ್ದಿ ಬಾಳವ್ವನಿಗೆ ಮುಟ್ಟಿತು. ಒಂದು ಬೆಳಿಗ್ಗೆ, ಇನ್ನೂ ಜನ ಬರುವ ಮೊದಲು, ಕೋಲೂರಿಕೊಂಡು ಒಳಗೆ ಬಂದಳು. ಐವತ್ತು ವರ್ಷದ ಮೇಲೆ ಅವಳನ್ನು ಕಂಡೆ. ಬೆನ್ನು ಬಾಗಿತ್ತು, ಹಣೆಯ ತುಂಬ ವಿಭೂತಿ. ಗಾಜಿಗೆ ಅಂಗೈ ಒತ್ತಿ ನನ್ನನ್ನೇ ನೋಡುತ್ತ ನಿಂತಳು. ಈಗಲಾದರೂ ಒಪ್ಪಿಕೋ ಮುದುಕಿ, ಎಂದು ನಾನು ಒಳಗೇ ಬಯ್ದೆ.

ದಿಲ್ಶಾದ್ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಯಮ್ಮಾ, ಒಂದ ಮಾತ ಕೇಳ್ತೀನಿ, ಸಿಟ್ಟ ಆಗಬ್ಯಾಡ. ಹಾಲಿನಾಗ ತತ್ತಿ ಒಡದ ಹಾಕತಿದ್ದಿಲ್ಲ?"

ಮೊಟ್ಟೆಯ ಮಾತು ಕಿವಿಗೆ ಬಿದ್ದದ್ದೇ ಬಾಳವ್ವನ ಕೋಲು ನೆಲಕ್ಕೆ ಬಿತ್ತು.

"ನನ್ನ ಮದವಿಗೆ ನಮ್ಮ ಅಜ್ಜಿ ಬೆಳ್ಳಿ ಚಮಚ ಕೊಟ್ಟಿದ್ಲು. ಒಮ್ಮೆ ಅದರಲೆ ತತ್ತಿ ತಿಂದು ತೊಳೀದ ಇಟ್ಟೆ. ಮರದಿನ ಹಿಂಗ, ಥೇಟ ಹಿಂಗ ಕರ್‍ರಗಾಗಿತ್ತು. ನಮ್ಮ ಓಣ್ಯಾಗ ಸಣ್ಣ ಹುಡುಗೂರಿಗೂ ಗೊತ್ತೈತಿ ಇದು. ನಿಮ್ಮ ಮಂದಿಗೆ ತತ್ತಿನ ಗೊತ್ತಿಲ್ಲ, ಇದೆಲ್ಲಿಂದ ಗೊತ್ತಾಗಬೇಕು?"

ಮುದುಕಿ ಗೋಡೆ ಹಿಡಿದು ಕೂತಳು. "ನಿಮ್ಮ ಅಜ್ಜಿ ಖಾಜಾಬೀನ ಕೊಡತಿದ್ಲವ್ವಾ, ದಿನಾ ಎರಡು. ಯಾರಿಗೆ ಅಂತ ಒಂದ ದಿನಾನೂ ಕೇಳಲಿಲ್ಲ ಪುಣ್ಯಾತಗಿತ್ತಿ. ಹಸೇ ತತ್ತಿ ಹಾಲಿನಾಗ ಕುಡದ್ರ ಮೈಯಾಗ ಒಂದೀಟ ಕಸುವು ಬರತೈತಿ, ಪತ್ರ ಬರೂತನಕ ಜೀವ ಹಿಡೀತೈತಿ ಅಂದಿದ್ರು ಡಾಕ್ಟರಮ್ಮ. ನಮ್ಮ ಅಕ್ಕಾಸಾಹೇಬ ಮೂರ ದಿನಾ ಒಲ್ಲೆ ಅಂದ್ಲು. ನಾಕನೇ ದಿನಾ ಆ ಕೂಸಿನ ಸಲುವಾಗಿ ಹ್ಞೂಂ ಅಂದ್ಲು. ಕುಡದು ಲಿಂಗದ ಮುಂದ ಅಳತಿದ್ಲು."

"ಮತ್ತ ಯಾಕ ಹೇಳಲಿಲ್ಲ ಯಮ್ಮಾ? ಇಷ್ಟ ವರ್ಷ!"

"ತತ್ತಿ ತಿಂದಾಕಿ ತೊಡಿ ಮ್ಯಾಲ ಕುಂದ್ರಿಸಿದ ದತ್ತಕ ನಡೀತಿತ್ತೇನ ಆಗ? ಆಚಾರ ಕೆಟ್ಟಾಳ ಅಂತ ತಾತ್ಯಾಸಾಹೇಬ ಆ ಕೂಸನ್ನ ಹೊರಗ ಹಾಕತಿದ್ದ. ಅಕ್ಕಾಸಾಹೇಬ ನನ್ನ ಕೈಯಾಗ ಲಿಂಗ ಇಟ್ಟು ಆಣಿ ಮಾಡಿಸಿದ್ಲು. ಈಗೂ ಹೇಳಾಂಗಿಲ್ಲ. ನೀನೂ ಆಣಿ ಮಾಡು."

ದಿಲ್ಶಾದ್ ಕಣ್ಣೊರೆಸಿಕೊಂಡು ಅವಳ ಅಂಗೈ ಮೇಲೆ ಕೈ ಇಟ್ಟು ಆಣೆ ಮಾಡಿದಳು.

ನಾನು? ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಲವತ್ತು ದಿನ ಆ ಹುಡುಗಿ ಹಿಂದೆ ಮುಂದೆ ನೋಡುವುದನ್ನು ಕಂಡವನು ನಾನು, ಕೊಲೆಗಡುಕಿಯ ಕಳ್ಳನೋಟ ಎಂದುಕೊಂಡೆ. ರಾಣಿಯ ಕಣ್ಣೀರು ನನ್ನ ಮೇಲೆಯೇ ಬಿದ್ದಿತ್ತು, ಅದಕ್ಕೂ ನನ್ನದೇ ಅರ್ಥ ಕಟ್ಟಿದೆ. ಎಲ್ಲರಿಗಿಂತ ಹತ್ತಿರದಲ್ಲಿದ್ದು ಎಲ್ಲರಿಗಿಂತ ಹೆಚ್ಚು ತಪ್ಪು ತಿಳಿದವನು ನಾನೇ. ಕಾವಲುಗಾರನಂತೆ ಕಾವಲುಗಾರ!

ಫಲಕ ಹಾಕುವ ದಿನ ಜನ ಸಂತೆಯಂತೆ ಕೂಡಿದ್ದರು. ಕಲ್ಲಿನ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಧಣಿ ಅದನ್ನು ಎಳೆಯಬೇಕು ಎನ್ನುವಾಗ ಬಾಳವ್ವ ಮುಂದೆ ಬಂದಳು. ಜನ ಬೆಂಕಿ ಕಂಡವರಂತೆ ಹಿಂದೆ ಸರಿದರು.

"ಧಣಿ, ಒಂದ ಸಲ ಆ ಲೋಟಾ ನನ್ನ ಕೈಯಾಗ ಕೊಡ್ರಿ. ಆಮ್ಯಾಲ ಏನರ ಕೆತ್ತಿಸ್ರಿ."

"ಯಾಕ?"

"ಈ ಕಲಿ ಹೋಗಾಂಗಿಲ್ಲ ಅಂತಾರಲ್ಲ, ನೋಡೂಣು."

ಧಣಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಾಕ್ಷಿ ಅಳಿಸಲು ಬಂದಿದ್ದಾಳೆ ಎಂದು ಯಾರೋ ಕೂಗಿದರು. ಎಲ್ಲರ ಮುಂದೆ ತಾನೇ, ನೋಡಿಯೇ ಬಿಡೋಣ ಎಂದು ಇನ್ನೊಬ್ಬರು. ಧಣಿ ಕೈಸನ್ನೆ ಮಾಡಿದರು. ದಿಲ್ಶಾದ್ ಗಾಜು ತೆರೆದು ನನ್ನನ್ನು ಆ ಕೈಗೆ ಕೊಟ್ಟಳು.

ಅದೇ ಕೈ. ಒಣಗಿತ್ತು, ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾಗಿತ್ತು. ನೆಲದ ಮೇಲೆ ಕೂತು, ಸೆರಗಿನ ಗಂಟಿನಿಂದ ವಿಭೂತಿ ಗಟ್ಟಿ ತೆಗೆದಳು, ಬಟ್ಟೆ ಒದ್ದೆ ಮಾಡಿದಳು, ತಿಕ್ಕತೊಡಗಿದಳು. ಬಹಳ ಹೊತ್ತು ತಿಕ್ಕಿದಳು. ಹಣೆಯ ಬೆವರು ನನ್ನೊಳಗೆ ತೊಟ್ಟಿಕ್ಕಿತು. ಮೊದಲು ಬೂದು ಬಣ್ಣ, ಆಮೇಲೆ ತುಸು ಹೊಳಪು, ಆಮೇಲೆ ಬೆಳ್ಳಿ. ಐವತ್ತು ವರ್ಷದ ಕಲೆ ಅಷ್ಟು ಜನರ ಕಣ್ಣ ಮುಂದೆ ಹೋಯಿತು. ಕಂಠದ ಒಳಸುತ್ತಿನಲ್ಲಿ, ಬೆರಳು ಮುಟ್ಟದ ಕಡೆ, ಸಾಸಿವೆಯಷ್ಟು ಉಳಿಯಿತು.

"ವಿಷಾ ಆಗಿದ್ರ ಹೋಗಬಾರದಿತ್ತಲ್ರಿ ಧಣಿ?" ಎಂದಳು.

"ಹಂಗಾರ ಅದು ಏನಾಗಿತ್ತು?"

ದಿಲ್ಶಾದ್ ಒಂದು ಹೆಜ್ಜೆ ಮುಂದಿಟ್ಟಳು. ಬಾಳವ್ವ ಅವಳ ಕಡೆ ಒಮ್ಮೆ ನೋಡಿ, "ಹಾಲ್ರಿ. ಬರೇ ಹಾಲು" ಎಂದು ಹೇಳಿ, ಕೋಲು ಹಿಡಿದು ಹೊರಟುಹೋದಳು.

ಧಣಿ ಬಟ್ಟೆ ಎಳೆಯಲಿಲ್ಲ. ಸಭೆ ಗೊಂದಲದಲ್ಲೇ ಚದುರಿತು. ಸಂಜೆಯೊಳಗೆ ಊರು ಹೊಸ ಸತ್ಯ ಕಂಡುಹಿಡಿದಿತ್ತು. ಅಸಲಿ ಲೋಟವನ್ನು ಯಾರೋ ಸಾಗಿಸಿದ್ದಾರೆ, ಇದು ನಕಲಿ! ಅಸಲಿಯಾಗಿದ್ದರೆ ಕಲೆ ಹೋಗುತ್ತಿತ್ತೇ? ನನ್ನ ಬುಡದ ಒರೆಗಲ್ಲಿನ ಗೀರನ್ನು ತಿರುಗಿಸಿ ನೋಡಿದವರು ಒಬ್ಬರೂ ಇಲ್ಲ.

ಆರು ದಿನದ ಮೇಲೆ ಧಣಿ ಒಬ್ಬರೇ ಬಂದರು. ಮುಖ ಬಾಡಿತ್ತು. ನನ್ನನ್ನು ಹೊರತೆಗೆಸಿ ಕಿಟಕಿಯ ಹತ್ತಿರ ಒಯ್ದರು. ಕಿಸೆಯಿಂದ ಒಂದು ಬೆಳ್ಳಿ ಚಮಚ ತೆಗೆದರು. ಹಿಂದಿನ ದಿನ ಅದರಲ್ಲಿ ಬೇಯಿಸಿದ ಮೊಟ್ಟೆ ತಿಂದು ತೊಳೆಯದೆ ಇಟ್ಟಿದ್ದಾರೆ, ಅದರ ಹೊಟ್ಟೆ ಕಪ್ಪಾಗಿದೆ. ಧಣಿ ಮನೆಯಲ್ಲಿ ದಿನಾ ಮೊಟ್ಟೆ ತಿನ್ನುವುದು ಊರಿಗೇ ಗೊತ್ತಿತ್ತು, ಈಗಿನ ಕಾಲದಲ್ಲಿ ಅದನ್ನು ಕೇಳುವವರಿರಲಿಲ್ಲ. ಅಡುಗೆಯವನು ಚಮಚ ಕಪ್ಪಾಗುತ್ತದೆ ಎಂದು ವರ್ಷಗಟ್ಟಲೆ ಗೊಣಗಿದ್ದು ಅವರಿಗೆ ಈಗ ನೆನಪಾಗಿತ್ತು. ಚಮಚವನ್ನು ನನ್ನ ಕಂಠದ ಸಾಸಿವೆಯಷ್ಟು ಕಲೆಯ ಪಕ್ಕ ಹಿಡಿದರು. ಎರಡರ ಬಣ್ಣವೂ ಒಂದೇ.

"ದಿಲ್ಶಾದ್, ನಿನಗ ಏನರ ಗೊತ್ತೈತೇನವಾ?"

"ಹೇಳಾಂಗಿಲ್ಲ ಅಂತ ಆಣಿ ಮಾಡೀನ್ರಿ ಧಣಿ."

ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು, ನನ್ನನ್ನು ಎದೆಗೆ ಒತ್ತಿಕೊಂಡು, ಏಳು ವರ್ಷದ ಹುಡುಗನ ಹಾಗೆ ಅತ್ತರು. 'ಅದು ನಿನಗಲ್ಲ' ಎಂದು ತಾಯಿ ಯಾಕೆ ಹೇಳಿದಳೆಂದು ಅವರಿಗೆ ಆಗ ತಿಳಿಯಿತು. ಅವಳು ಕ್ಷಯದ ಎಂಜಲನ್ನು ದೂರವಿಟ್ಟಿದ್ದಳು.

ಅಂದೇ ಮಧ್ಯಾಹ್ನ ಅವರು ನನ್ನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಾಳವ್ವನ ಮನೆಗೆ ಬಂದರು. ಆಯಾಸದಿಂದ ಹಾಸಿಗೆ ಹಿಡಿದಿದ್ದಳು ಮುದುಕಿ. ದಿಲ್ಶಾದ್ ಹಾಲು ಕಾಸಿ ತಂದಳು. ಧಣಿ ಮೊದಲು ಆ ಮನೆಯ ಕೊಡದಿಂದ ಒಂದು ಚಂಬು ನೀರು ತಾವೇ ತೋಡಿಕೊಂಡು ಗಟಗಟ ಕುಡಿದರು. ಬಾಳವ್ವ ನೋಡುತ್ತಲೇ ಇದ್ದಳು, ಅವಳ ಕಣ್ಣು ತುಂಬಿದವು. ಆಮೇಲೆ ಅವರು ಹಾಲನ್ನು ನನಗೆ ಬಗ್ಗಿಸಿ ಅವಳ ಮುಂದೆ ಹಿಡಿದರು.

"ಬ್ಯಾಡ್ರಿ ಧಣಿ, ಅದು ಆಕೀದು. ನಾ ಅದರಾಗ ಕುಡೀಬಾರದು."

"ಕುಡೀಬೇ. ನಾ ಕೊಡಾಕತ್ತೀನಿ."

ಅವಳು ನನ್ನೊಳಗೆ ಇಣುಕಿದಳು. "ಏನ ಹಾಕೀರಿ ಇದರಾಗ?"

"ಹಾಲು. ಬರೇ ಹಾಲು."

ಮುದುಕಿ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ನಾನೂ ಹಂಗ ಹೇಳಿದ್ನೆಪಾ, ಯಾರ ನಂಬಿದ್ರು?"

"ನಾ ಊರಿಗೆಲ್ಲ ಹೇಳ್ತೀನಬೇ. ನಿನ್ನ ಹೆಸರು ತೊಳೀತೀನಿ."

ನಗು ನಿಂತಿತು. "ಹೇಳಬ್ಯಾಡ ತಮ್ಮಾ. ಮಂದಿ ಆಕೀನ್ನ ದೇವರ ಮಾಡ್ಯಾರ, ಹಂಗ ಇರ್ಲಿ. ಐವತ್ತ ವರ್ಷ ಒಂದ ಹನಿ ತುಳುಕದಂಗ ಹೊತ್ತೀನಿ. ಈಗ ನೀ ಚೆಲ್ಲಬ್ಯಾಡ."

ಧಣಿ ತಲೆ ತಗ್ಗಿಸಿದರು. ಅವಳು ಎರಡೂ ಕೈಯಲ್ಲಿ ನನ್ನನ್ನು ಹಿಡಿದು, ನಿಧಾನಕ್ಕೆ, ಪೂರ್ತಿ ಕುಡಿದಳು.

ಅದಾದ ಹನ್ನೊಂದನೇ ದಿನ ಬಾಳವ್ವ ಹೋದಳು. ಧಣಿ ಫಲಕದ ಕಲ್ಲನ್ನು ಒಡೆಸಿ ಹಾಕಿದರು. ಅಷ್ಟೇ ಸಾಕಾಯಿತು. 'ಅದೇ ಲೋಟದಲ್ಲಿ ಹಾಲು ಕುಡಿಸಿ ಮುದುಕಿಯ ಬಾಯಿ ಮುಚ್ಚಿಸಿದ' ಎಂದಿತು ಊರು. ದತ್ತಕದಿಂದ ಲಾಭವಾದದ್ದು ಯಾರಿಗೆ, ಅದನ್ನು ನೋಡಿ ಎಂದರು. ಈ ಸಲ ಲೋಟ ಕಪ್ಪಾಗಲಿಲ್ಲವಲ್ಲ ಎಂದು ಒಬ್ಬ ಕೇಳಿದನಂತೆ. ಈಗಿನ ವಿಷಕ್ಕೆ ಕಲೆ ಬೀಳುವುದಿಲ್ಲ ಎಂದು ಉತ್ತರ ಬಂತಂತೆ. ನನ್ನನ್ನು ನಕಲಿ ಎಂದವರೇ ಎರಡನೇ ಕೊಲೆಗೆ ಅಸಲಿ ಮಾಡಿದರು.

ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಈಗ ನನ್ನ ಬದಲಿಗೆ ಧಣಿ ಕೊಟ್ಟ ಬೇರೆ ಲೋಟ ಇದೆ. ನೋಡಲು ಬಂದವರು ಬೇಸರಪಟ್ಟರೆಂದು ಯಾರೋ ಅದಕ್ಕೆ ಒಳಗೆ ಮಸಿ ಬಳಿದಿದ್ದಾರೆ. ನಾನು ಧಣಿಯ ಮನೆಯ ದೇವರ ಗೂಡಿನಲ್ಲಿದ್ದೇನೆ. ದಿನಾ ಬೆಳಿಗ್ಗೆ ಅವರು ಆಳುಗಳಿಗೆ ಕೊಡದೆ ತಾವೇ ವಿಭೂತಿ ಹಚ್ಚಿ ನನ್ನನ್ನು ತಿಕ್ಕುತ್ತಾರೆ. ಕಂಠದ ಒಳಗಿನ ಆ ಸಾಸಿವೆಯಷ್ಟು ಕಲೆಯನ್ನು ಮಾತ್ರ ಮುಟ್ಟುವುದಿಲ್ಲ. ನಾನೂ ಈಗ ಒಳಗೆ ಬಿದ್ದದ್ದನ್ನು ಮೂಸುವುದು ಬಿಟ್ಟಿದ್ದೇನೆ. ಅವರು ಹಾಲು ಬಗ್ಗಿಸುತ್ತಾರೆ, ನಾನು ಹಿಡಿದುಕೊಳ್ಳುತ್ತೇನೆ.